ಮೊದಲು ಕೂರೋ ಜಾಗ ತೋರಿಸಿ

ಶ್ರೀಲಂಕಾಗೆ ಹೋಗಿ ಬರುವವರು ಈಗ ಜಾಸ್ತಿ. ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಎರಡು ಗಂಟೆಯೊಳಗೆ ಕೊಲಂಬೊ. ಹಾಗೆ ಹೋದವರಲ್ಲಿ ಮನೆ ಕಟ್ಟಿಸುವ ಆಸೆ ಇರುವವರು, ಕಾಫಿ ತೋಟದಲ್ಲಿ ಹೋಂಸ್ಟೇ ಮಾಡಬೇಕು ಎಂದುಕೊಂಡವರು ಬೆಂಟೋಟ ಹತ್ತಿರದ ಲುನುಗಂಗಾ ತೋಟವನ್ನು ನೋಡಿಯೇ ಬರುತ್ತಾರೆ. ತುಂಬ ಒಳ್ಳೆಯದು. ಈ ಕೆಲಸಕ್ಕೆ ಕೈ ಹಾಕುವ ಮೊದಲು ನೋಡಲೇಬೇಕಾದ ಜಾಗ ಅದು. ಆದರೆ ಅವರು ವಾಪಸು ಬಂದ ವಾರದಲ್ಲೇ ನನ್ನ ವಾಟ್ಸ್ಯಾಪಿಗೆ ಫೋಟೊ ಬರಲು ಶುರುವಾಗುತ್ತವೆ. ಮರದ ಕೆಳಗಿನ ಜಾಡಿ. ಬಾಗಿ ಬೆಳೆದ ದೇವಕಣಗಿಲೆ. ಪಾಚಿ ಹಿಡಿದ ಕಲ್ಲಿನ ಮೂರ್ತಿ.

"ಮೇಡಂ, ನಮಗೂ ಇಂಥದ್ದೇ ಜಾಡಿ ಬೇಕು. ಎಲ್ಲಿ ಸಿಗುತ್ತೆ?"

ಜಾಡಿ ಎಲ್ಲಾದರೂ ಸಿಗುತ್ತದೆ. ನಾನು ವಾಪಸು ಕೇಳುವುದು ಒಂದೇ: ಅದನ್ನು ನೀವು ಎಲ್ಲಿ ಕೂತು ನೋಡುತ್ತೀರಿ? ಇದಕ್ಕೆ ಥಟ್ಟಂತ ಉತ್ತರ ಹೇಳುವವರು ಕಡಿಮೆ. ಲಾನ್ ಎಷ್ಟು ಚದರಡಿ, ಇಂಟರ್‌ಲಾಕ್ ಯಾವ ಬಣ್ಣ, ಗೇಟಿನಿಂದ ಮನೆ ತನಕ ಎಷ್ಟು ಲೈಟು, ಎಲ್ಲ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ಕೂರುವ ಜಾಗ ಮಾತ್ರ ಆ ಲೆಕ್ಕದಲ್ಲಿ ಇರುವುದಿಲ್ಲ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗಿ, ಅಂದರೆ ಅಂಗಳ, ತೋಟ ರೂಪಿಸುವವಳಾಗಿ, ನನಗೆ ಬೇಜಾರಾಗುವುದು ಇದೊಂದೇ ವಿಷಯಕ್ಕೆ. ಅದಕ್ಕೇ ಇವತ್ತು ಬೇರೆಲ್ಲ ಬಿಟ್ಟು ಇದನ್ನೇ ಹೇಳುತ್ತೇನೆ.

ಲುನುಗಂಗಾ ಮಾಡಿದವರು ಶ್ರೀಲಂಕಾದ ಹೆಸರಾಂತ ಆರ್ಕಿಟೆಕ್ಟ್ ಜೆಫ್ರಿ ಬಾವಾ. ಮೊದಲು ವಕೀಲರಾಗಿದ್ದವರು. 1948ರಲ್ಲಿ ಈ ಜಾಗ ಕೊಂಡಾಗ ಅವರಿನ್ನೂ ಆರ್ಕಿಟೆಕ್ಟ್ ಆಗಿರಲಿಲ್ಲ. ತೋಟ ಮಾಡುವ ಹುಚ್ಚೇ ಅವರನ್ನು ಆ ಓದಿಗೆ ಎಳೆದದ್ದು. ಅದು ಮುಗಿಯುವಾಗ 1957, ಅವರಿಗೆ 38 ವರ್ಷ. ಕೊಂಡದ್ದು ದೆದ್ದುವ ಕೆರೆಯೊಳಗೆ ಚಾಚಿಕೊಂಡ ದಿಣ್ಣೆ ಜಾಗ, ಹಳೆಯ ರಬ್ಬರ್ ತೋಟ, ಒಂದು ಸಾಧಾರಣ ಬಂಗಲೆ. 2003ರಲ್ಲಿ ತೀರಿಕೊಳ್ಳುವ ತನಕ ಅದನ್ನು ತಿದ್ದುತ್ತಲೇ ಇದ್ದರು. 1998ರಲ್ಲಿ ಪಾರ್ಶ್ವವಾಯು ಹೊಡೆದು ಮಾತು, ನಡಿಗೆ ಎರಡೂ ನಿಂತ ಮೇಲೂ ಆ ತೋಟ ಬಿಡಲಿಲ್ಲ.

ಅಲ್ಲಿ ಅವರು ಮಾಡಿದ್ದರಲ್ಲಿ ಬಹುಪಾಲು ತೆಗೆಯುವ ಕೆಲಸ. ಇದು ಫೋಟೊದಲ್ಲಿ ಕಾಣುವುದಿಲ್ಲ. ತೆಗೆದದ್ದು ಫೋಟೊದಲ್ಲಿ ಹೇಗೆ ಕಂಡೀತು? ರಬ್ಬರ್ ಮರಗಳನ್ನು ತೆಗೆದರು. ಮನೆಯ ದಕ್ಷಿಣಕ್ಕೆ ಒಂದು ದಾಲ್ಚಿನ್ನಿ ಗುಡ್ಡ ಇದೆ. ಜಗಲಿಯಲ್ಲಿ ಕೂತರೆ ಅದು ಕಣ್ಣಿಗೆ ಅಡ್ಡ ಬರುತ್ತಿತ್ತು. ಅದರ ನೆತ್ತಿಯನ್ನೇ ತಗ್ಗಿಸಿದರು. ಆಗ ಗುಡ್ಡದಾಚೆಗಿನ ಕೆರೆ ನೀರು ಕಂಡಿತು. ನೀರಿನಾಚೆ, ದೂರದ ಇನ್ನೊಂದು ಗುಡ್ಡದ ಮೇಲೆ, ಕಟಕುಲಿಯ ದೇವಾಲಯದ ಬಿಳಿ ಸ್ತೂಪ ಕಂಡಿತು. ಆ ಸ್ತೂಪ ಅವರದಲ್ಲ. ಅವರ ಬೇಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಅದು ಅವರ ತೋಟದ ಕೊನೆಯ ತುದಿ. ಇನ್ನೊಂದು ವಿಷಯ ಇದೆ. ಮನೆಗೂ ಗುಡ್ಡಕ್ಕೂ ನಡುವೆ ಊರಿನ ರಸ್ತೆ ಹಾದು ಹೋಗುತ್ತದೆ. ಜನ ಓಡಾಡುವ ರಸ್ತೆಯೇ. ಅದು ತಗ್ಗಿನಲ್ಲಿ ಹೋಗುವ ಹಾಗೆ ಮಾಡಿದ್ದಾರೆ. ಜಗಲಿಯಲ್ಲಿ ಕೂತವರಿಗೆ ರಸ್ತೆ ಕಾಣುವುದಿಲ್ಲ, ಹುಲ್ಲು ಒಂದೇ ಸಮನೆ ಗುಡ್ಡ ಹತ್ತಿದ ಹಾಗೆ ಕಾಣುತ್ತದೆ. ಎದ್ದು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾ ಹೋದರೆ ಗುಟ್ಟು ಗೊತ್ತಾಗುತ್ತದೆ.

ಈಗ ಆ ಜಾಡಿಗೆ ಬರೋಣ. ಅದು ಇರುವುದು ಗುಡ್ಡದ ನೆತ್ತಿಯಲ್ಲಿ, ಒಂದು ಬಕುಲದ ಮರದ ಕೆಳಗೆ. ನಮ್ಮಲ್ಲಿ ರಂಜದ ಮರ ಅಂತಾರಲ್ಲ, ಅದೇ. ಹತ್ತಿರ ಹೋಗಿ ನಿಂತರೆ ಅದು ಒಂದು ಜಾಡಿ, ಅಷ್ಟೇ. ಕೈಯಲ್ಲಿ ಮುಟ್ಟಿ ನೋಡಿ ಫೋಟೊ ತೆಗೆದುಕೊಂಡು ಬರುತ್ತಾರೆ. ಅದರ ಕೆಲಸ ಇರುವುದು ಜಗಲಿಯಲ್ಲಿ ಕೂತವರಿಗೆ. ಎದುರಿಗೆ ಹುಲ್ಲು, ಬಹಳ ದೂರದಲ್ಲಿ ಸ್ತೂಪ. ನಡುವೆ ಏನೂ ಇಲ್ಲದಿದ್ದರೆ ಸ್ತೂಪ ಎಷ್ಟು ದೂರ ಇದೆ ಅಂತ ಅಂದಾಜೇ ಸಿಗುವುದಿಲ್ಲ. ಬರೀ ಬಿಳಿ ಚುಕ್ಕೆ. ನಡುವೆ, ಅಷ್ಟೇ ಎತ್ತರದಲ್ಲಿ, ನಮಗೆ ಅಳತೆ ಗೊತ್ತಿರುವ ಒಂದು ವಸ್ತು ಬಂತು ಅಂದುಕೊಳ್ಳಿ. ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ಆಮೇಲೆ ಅದನ್ನು ದಾಟಿ ಮುಂದೆ ಹೋಗುತ್ತದೆ. ದಾರಿಯಲ್ಲಿ ಸಿಗುವ ಅರವಟ್ಟಿಗೆ ಇದ್ದ ಹಾಗೆ. ಆಗ ಸ್ತೂಪ ದೂರ ಅನ್ನಿಸುತ್ತದೆ, ದೂರ ಅನ್ನಿಸಿದ ಕ್ಷಣಕ್ಕೇ ತೋಟ ದೊಡ್ಡದಾಗುತ್ತದೆ. ಹಾಗಾಗಿ ಆ ಜಾಡಿಯನ್ನು ಒಂದು ಕುರ್ಚಿಯ ಲೆಕ್ಕದಲ್ಲಿ ಇಟ್ಟಿದ್ದಾರೆ. ಕುರ್ಚಿ ಬಿಟ್ಟು ಜಾಡಿ ಮಾತ್ರ ತಂದರೆ ನಿಮ್ಮ ಅಂಗಳದಲ್ಲಿ ಒಂದು ಜಾಡಿ ಇರುತ್ತದೆ, ಅಷ್ಟೇ.

ಅರ್ಥ ಆಯಿತು ಅಂತ ಎಲ್ಲರೂ ತಲೆ ಆಡಿಸುತ್ತಾರೆ. ಮುಂದಿನ ಮಾತೇ "ಹಾಗಾದ್ರೆ ಜಾಡಿ ಗೇಟ್ ಹತ್ತಿರ ಇಡೋಣ್ವಾ?" ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ. ಮೊದಲು ಕೂರುವ ಜಾಗ. ಆಮೇಲೆ ಅಲ್ಲಿಂದ ಕಾಣಬೇಕಾದ ದೂರದ ಒಂದು ವಸ್ತು. ಆಮೇಲೆ ಎರಡರ ನಡುವೆ ಅಡ್ಡ ಬರುವುದನ್ನು ತೆಗೆಯುವುದು. ಇಡುವುದು, ನೆಡುವುದು, ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ಕೆಲವು ಸಲ ಆ ಕೊನೆಯ ಹಂತದ ಅಗತ್ಯವೇ ಬೀಳುವುದಿಲ್ಲ.

ಬಾವಾ ಬೆಳಗಿನ ತಿಂಡಿಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕೂರುತ್ತಿದ್ದರು. ತೋಟದಲ್ಲಿ ಅಲ್ಲಲ್ಲಿ ಗಂಟೆಗಳನ್ನು ತೂಗುಹಾಕಿದ್ದಾರೆ. ಒಂದೊಂದರ ನಾದ ಬೇರೆ. ಯಾವ ಗಂಟೆ ಬಾರಿಸಿತು ಅಂತ ಕೇಳಿಯೇ ಕೆಲಸದವರು ಚಹ ಎಲ್ಲಿಗೆ ತರಬೇಕು ಅಂತ ತಿಳಿದುಕೊಳ್ಳುತ್ತಿದ್ದರು. ಫೋಟೊ ತೆಗೆಯುವವರು ಆ ಗಂಟೆಯನ್ನೂ ತೆಗೆದುಕೊಂಡು ಬರುತ್ತಾರೆ. ಗಂಟೆ ಇರುವ ಕಡೆ ಕೂತು ಎದುರಿಗೆ ಏನಿದೆ ಅಂತ ನೋಡಿ ಬಂದವರು ಅಪರೂಪ. ಆ ದೇವಕಣಗಿಲೆ ಕೊಂಬೆಗಳೂ ತಾವಾಗಿ ಹಾಗೆ ಬಾಗಿದ್ದಲ್ಲ. ಭಾರ ಕಟ್ಟಿ ವರ್ಷಗಟ್ಟಲೆ ಇಳಿಸಿದ್ದು. ನರ್ಸರಿಯಿಂದ ತಂದು ನೆಟ್ಟ ಗಿಡದಲ್ಲಿ ಮುಂದಿನ ಮಳೆಗಾಲಕ್ಕೆ ಅದು ಬರಲಿ ಅಂದರೆ ನಾನೇನು ಮಾಡಲಿ?

ಕೂರುವ ಜಾಗವನ್ನು ಹೀಗೆ ಮೊದಲು ಹಿಡಿದವರು ಅವರೊಬ್ಬರೇ ಅಲ್ಲ. ಆಗ್ರಾಗೆ ಹೋದಾಗ ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ಗೂ ಹೋಗಿ. ತಾಜ್ ಮಹಲಿನ ನೇರಕ್ಕೆ, ನದಿ ದಾಟಿ ನೋಡುವುದಕ್ಕೆಂದೇ ಶಹಜಹಾನ್ ಮಾಡಿಸಿದ ತೋಟ. ಸ್ಪೇನಿನ ಅಲ್ಹಂಬ್ರದಲ್ಲಿ ರಾಯಭಾರಿಗಳ ಸಭಾಂಗಣದ ಕಿಟಕಿಗಳು ನೆಲಕ್ಕೆ ಹತ್ತಿರ ಇವೆ. ಅಲ್ಲಿನ ಜನ ಜಮಖಾನ, ದಿಂಬು ಹಾಕಿಕೊಂಡು ನೆಲದ ಮೇಲೆ ಕೂರುತ್ತಿದ್ದರು. ನಿಂತುಕೊಂಡು ನೋಡುವವರಿಗೆ ಆ ಕೋಣೆ ಪೂರ್ತಿ ದಕ್ಕುವುದಿಲ್ಲ. ಜಪಾನಿನ ಕ್ಯೋಟೊ ಉತ್ತರದಲ್ಲಿ ಎಂಟ್ಸು-ಜಿ ಎಂಬ ಸಣ್ಣ ಬೌದ್ಧ ದೇವಸ್ಥಾನ. ಅದರ ಜಗಲಿಯಲ್ಲಿ ಕೂತರೆ ಪಾಚಿ, ಒಂದಿಷ್ಟು ಕಲ್ಲು, ಕತ್ತರಿಸಿದ ಬೇಲಿ, ಬೇಲಿಯ ಮೇಲಕ್ಕೆ ನೇರವಾಗಿ ಹಿಯೆ ಬೆಟ್ಟ. ನಡುವಿನ ಊರನ್ನು ಬೇಲಿ ಮುಚ್ಚಿದೆ. ಬೇಲಿ ಎಷ್ಟು ಎತ್ತರ ಇರಬೇಕು ಎಂದು ತೀರ್ಮಾನಿಸಿದ್ದು ನೆಲದ ಮೇಲೆ ಕೂತವರ ಕಣ್ಣು.

ಬಾವಾ ಅವರದೇ ಇನ್ನೊಂದು ಕೆಲಸ ಹೇಳಿಬಿಡುತ್ತೇನೆ, ಹೋಟೆಲ್, ಹೋಂಸ್ಟೇ ಮಾಡುವವರಿಗೆ ಇದು ಮುಖ್ಯ. ಶ್ರೀಲಂಕಾದ ಹಳೆಯ ಬಂಡೆಕೋಟೆ ಸಿಗಿರಿಯಾದ ಬುಡದಲ್ಲೇ ಹೋಟೆಲ್ ಕಟ್ಟೋಣ ಎಂದು ಅವರಿಗೆ ಜಾಗ ತೋರಿಸಿದ್ದರು. ಅವರು ಒಪ್ಪಲಿಲ್ಲ. ಎಷ್ಟೋ ಕಿಲೋಮೀಟರ್ ದೂರ, ಕಂದಲಮ ಕೆರೆಯ ಆಚೆ ದಡದಲ್ಲಿ ಜಾಗ ಹಿಡಿದರು. ಅಲ್ಲಿನ ಬೇರೊಂದು ಬಂಡೆಗೆ ಆತುಕೊಂಡು ಉದ್ದಕ್ಕೆ ಸಾಗುವ ಕಟ್ಟಡ, 1990ರ ದಶಕದಲ್ಲಿ ಆದದ್ದು. ಅಲ್ಲಿ ಕೂತರೆ ಕೆರೆಯ ನೀರು, ಅದರಾಚೆ ಕಾಡು, ಕಾಡಿನ ಮೇಲೆ ಸಿಗಿರಿಯಾ. ಬುಡದಲ್ಲಿ ಕಟ್ಟಿದ್ದರೆ ರೂಮಿನವರಿಗೆ ಸಿಗಿರಿಯಾ ಪೂರ್ತಿ ಕಾಣುತ್ತಲೇ ಇರಲಿಲ್ಲ. ನಮ್ಮಲ್ಲಿ ವ್ಯೂ ಪಾಯಿಂಟ್ ಅಂದ ಕೂಡಲೇ ಗುಡ್ಡದ ತುದಿಗೇ ಹೋಗಿ ಕಟ್ಟುತ್ತಾರಲ್ಲ, ಅವರು ಇದನ್ನು ಒಮ್ಮೆ ನೋಡಿ ಬರಬೇಕು. ಚೆಂದದ ಗುಡ್ಡದ ಮೇಲೆ ಮನೆ ಕಟ್ಟಿದರೆ ಆ ಗುಡ್ಡ ನಮಗೇ ಕಾಣುವುದಿಲ್ಲ, ಅಲ್ವಾ?

ಮೂಡಿಗೆರೆ ಕಡೆಯ ಒಂದು ತೋಟದ ಕತೆ ಹೇಳುತ್ತೇನೆ. ಮನೆಯ ಮಗ, ಸೊಸೆ ಇಬ್ಬರೂ ಲುನುಗಂಗಾ ನೋಡಿ ಬಂದಿದ್ದರು. ತೋಟದ ಎತ್ತರದ ತುದಿಯಲ್ಲಿ ಆಗಲೇ ಒಂದು ಗಝೀಬೊ, ಅಂದರೆ ಗೋಡೆಯಿಲ್ಲದ ಮಂಟಪ, ಕಟ್ಟಿಸಿಯೂ ಆಗಿತ್ತು. ನಾನು ಹೋದಾಗ ಅದರ ತುಂಬ ಒಣಗಿದ ಎಲೆ. ಗಾಳಿ ಜಾಸ್ತಿ, ಮಳೆಗಾಲದಲ್ಲಿ ಇರಚಲು ಹೊಡೆಯುತ್ತೆ, ಅಡುಗೆ ಮನೆಯಿಂದ ಕಾಫಿ ತರುವಷ್ಟರಲ್ಲಿ ಆರಿಹೋಗುತ್ತೆ ಅಂದರು. "ಹಾಗಾದ್ರೆ ಮನೆಯಲ್ಲಿ ಎಲ್ಲರೂ ಎಲ್ಲಿ ಕೂರ್ತೀರಿ?" ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಉತ್ತರ ಕೊಟ್ಟವರು ಅಜ್ಜಿ. "ಬಾರೆ ಇಲ್ಲಿ" ಅಂತ ಕೈ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋದರು. ಹಿತ್ತಿಲಲ್ಲಿ ಅಗಲವಾದ ಕಲ್ಲಿನ ಮೆಟ್ಟಿಲು, ಎದುರಿಗೆ ಕಾಫಿ ಒಣಗಿಸುವ ಕಣ. ಮದುವೆಯಾಗಿ ಬಂದಾಗಿನಿಂದ ಬೆಳಗಿನ ಕಾಫಿ ಅಲ್ಲೇ ಅಂತೆ. ಮೆಟ್ಟಿಲ ನಡುಭಾಗ ಕೂತು ಕೂತು ನುಣ್ಣಗಾಗಿತ್ತು. ನಾನೂ ಪಕ್ಕದಲ್ಲಿ ಕೂತೆ. ಕಣದಾಚೆ ಹಳೆಯ ಪಂಪ್‌ಶೆಡ್ಡಿನ ತಗಡು, ಅದರ ಪಕ್ಕ ಕೊಂಬೆ ಇಳಿಬಿಟ್ಟ ಹಲಸಿನ ಮರ. ಆ ತಗಡಿಗೂ ಕೊಂಬೆಗೂ ನಡುವೆ ಅಂಗೈ ಅಗಲದ ಕಿಂಡಿಯಲ್ಲಿ ಬಲ್ಲಾಳರಾಯನ ದುರ್ಗದ ಬೆಟ್ಟಸಾಲು ನೀಲಿಯಾಗಿ ಕಾಣುತ್ತಿತ್ತು. "ಮೊದಲೆಲ್ಲ ಇಡೀ ಕಾಣ್ತಿತ್ತು ಕಣೆ" ಅಂದರು ಅಜ್ಜಿ. "ಈ ಶೆಡ್ಡು ಹಾಕಿದ ಮೇಲೆ ಹೋಯ್ತು."

ಶೆಡ್ಡಿನ ಪಂಪು ಕೆಟ್ಟು ಎಷ್ಟೋ ಕಾಲವಾಗಿತ್ತು. ತಗಡು ಇಳಿಸಿದೆವು. ತೋಟದಲ್ಲಿ ಮರಗಸಿ ಮಾಡಲು, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಬಂದಿದ್ದ ಆಳೇ ಹಲಸಿನ ಕೆಳಗಿನ ಎರಡು ಕೊಂಬೆ ತೆಗೆದ. ಮರ ಹಾಗೇ ಉಳಿಯಿತು, ದುರ್ಗದ ಸಾಲು ಪೂರ್ತಿ ತೆರೆದುಕೊಂಡಿತು. ಆ ಮನೆಗೆ ಬರುವ ಅತಿಥಿಗಳು ಈಗ ಬೆಳಿಗ್ಗೆ ಹಿತ್ತಿಲ ಮೆಟ್ಟಿಲಿಗೇ ಬಂದು ಕೂರುತ್ತಾರಂತೆ. ಜಾಡಿ ತರಲೇ ಇಲ್ಲ. ಕಣ ಮತ್ತು ಹಲಸಿನ ಮರ ನಡುವಿನ ಕೆಲಸ ಮಾಡಿಕೊಂಡಿವೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಹೋದರೆ ತಪ್ಪಾಗುತ್ತದೆ. ಬಾವಾ ಗುಡ್ಡ ತಗ್ಗಿಸಿದರು ಅಂತ ಓದಿ ನಾಳೆಯೇ ಜೆಸಿಬಿ ಕರೆಸಬೇಡಿ. ಅದು ಕೆರೆ ದಂಡೆಯ ತಗ್ಗು ದಿಣ್ಣೆ. ನಮ್ಮದು ಘಟ್ಟದ ಇಳಿಜಾರು, ಸುರಿಯುವ ಮಳೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದವರು ಇಳಿಜಾರಿನ ಬುಡ ಕಡಿಯುವ ಮಾತೆತ್ತಬಾರದು. ಮಣ್ಣು ಸರಿಸಲೇಬೇಕಾದರೆ ಮೊದಲು ಇಂಜಿನಿಯರ್ ಬಂದು ಇಳಿಜಾರು, ನೀರು ಹರಿಯುವ ದಾರಿ ಎರಡನ್ನೂ ನೋಡಲಿ. ಮರ ಪೂರ್ತಿ ಕಡಿಯುವುದಕ್ಕೆ ಅರಣ್ಯ ಇಲಾಖೆಯ ನಿಯಮಗಳಿವೆ, ಯಾವ ಮರ, ಯಾವ ಜಾಗ ಎನ್ನುವುದರ ಮೇಲೆ ಬದಲಾಗುತ್ತವೆ, ಕೇಳಿಕೊಂಡೇ ಮುಂದುವರಿಯಿರಿ. ನನ್ನ ಅನುಭವದಲ್ಲಿ ಅಡ್ಡ ಬಂದಿರುವುದು ಹೆಚ್ಚಾಗಿ ಮರ ಅಲ್ಲ. ನಾವೇ ಹಾಕಿದ ಶೀಟು, ನೀರಿನ ಟ್ಯಾಂಕು, ಬೋರ್ಡು, ಎತ್ತರದ ಕಾಂಪೌಂಡು.

ನನ್ನ ಹತ್ತಿರ ಬರುವ ಮೊದಲು ನೀವೇ ಮಾಡಬಹುದಾದ ಕೆಲಸ ಒಂದಿದೆ, ದುಡ್ಡು ಖರ್ಚಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಳ್ಳಿ. ಬೆಳಿಗ್ಗೆ, ಸಂಜೆ ಬೇರೆ ಬೇರೆ ಕಡೆ ಹಾಕಿಕೊಂಡು ಕೂರಿ. ಸುಮ್ನೆ ಕೂರಿ, ಫೋನ್ ಒಳಗಿಟ್ಟು. ಎಲ್ಲಿಂದ ಏಳಲು ಮನಸ್ಸಾಗುವುದಿಲ್ಲವೋ ಅಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ. ಆಮೇಲೆ ಮನೆಯವರೊಬ್ಬರ ಕೈಗೆ ತುದಿಗೆ ಬಿಳಿ ಬಟ್ಟೆ ಕಟ್ಟಿದ ಬಿದಿರು ಗಳ ಕೊಟ್ಟು ಎದುರಿಗೆ ನಡೆಸಿ. ನೀವು ಕುರ್ಚಿಯಿಂದ ಏಳಬಾರದು. ಬಟ್ಟೆ ಎಲ್ಲಿ ಮರೆಯಾಗುತ್ತದೆ, ಎಲ್ಲಿ ಮತ್ತೆ ಕಾಣುತ್ತದೆ, ಎಲ್ಲಿ ನಿಂತರೆ ಹಿಂದಿನ ಬೆಟ್ಟಕ್ಕೆ ಸರಿಹೋಗುತ್ತದೆ, ಕೂಗಿ ಹೇಳುತ್ತಾ ಹೋಗಿ. ಕಾಣದ ಕಡೆ ಅಡ್ಡ ಇರುವುದು ಏನು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿ ಕೇಳಿ. ಕೂರುವ ಜಾಗ ಅವರಿಗೆ ಗೊತ್ತಿರುತ್ತದೆ.

ಲುನುಗಂಗಾಕ್ಕೆ ಹೋಗುವವರು ಕೊಲಂಬೊ ಫೋರ್ಟ್ ನಿಲ್ದಾಣದಿಂದ ಕರಾವಳಿ ರೈಲು ಹಿಡಿದು ಅಲುತ್ಗಾಮದಲ್ಲಿ ಇಳಿಯಬಹುದು, ಅಲ್ಲಿಂದ ಆಟೋ. ತೋಟ ತೋರಿಸಲು ಜನ ಇರುತ್ತಾರೆ, ಉಳಿಯಲು ಕೋಣೆಗಳೂ ಇವೆ. ಸಮಯ ಮತ್ತು ದರ ಬದಲಾಗುತ್ತಿರುತ್ತವೆ, ಮೊದಲೇ ವಿಚಾರಿಸಿ ಕಾದಿರಿಸಿಕೊಳ್ಳಿ. ಆದರೆ ಒಂದು ರಾತ್ರಿ ಉಳಿಯಿರಿ, ಒಂದು ಗಂಟೆಯ ಸುತ್ತಿನಲ್ಲಿ ನಡೆದಾಡಲಷ್ಟೇ ಆಗುತ್ತದೆ, ಕೂರಲು ಆಗುವುದಿಲ್ಲ. ಫೋಟೊ ಎಷ್ಟು ಬೇಕಾದರೂ ತೆಗೆಯಿರಿ. ನನಗೆ ಕಳಿಸುವಾಗ ಮಾತ್ರ ಪ್ರತಿ ಫೋಟೊದ ಕೆಳಗೆ ಎಲ್ಲಿ ಕೂತು ತೆಗೆದದ್ದು, ಎಷ್ಟು ಹೊತ್ತಿಗೆ ಅಂತ ಬರೆದು ಕಳಿಸಿ. ನಿಂತು ತೆಗೆದದ್ದಾದರೆ ಅದನ್ನೂ ಬರೆಯಿರಿ.