ಎಸ್ ಎಲ್ಲಿ, ಇಎಸ್ ಎಲ್ಲಿ: ಬೀದರ್ ಸ್ಮಾರಕಗಳ ಉದಾಹರಣೆಯೊಂದಿಗೆ

ಇಂಗ್ಲಿಷ್ ನಾಮಪದವನ್ನು ಬಹುವಚನ ಮಾಡಲು ಕೊನೆಗೆ ಎಸ್ ಅಥವಾ ಇಎಸ್ ಸೇರಿಸಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಯಾವುದಕ್ಕೆ ಯಾವುದು ಎನ್ನುವಲ್ಲಿ ತಡವರಿಸುತ್ತೇವೆ. ಪದದ ಕೊನೆಯ ಅಕ್ಷರ ನೋಡುವ ಬದಲು ಕೊನೆಯ ಧ್ವನಿ ಕೇಳಿ; ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಬೀದರ್ ಕೋಟೆಯ ಕಮಾನು ‘ಆರ್ಚ್’. ‘ಚ್’ ಆದ ಕೂಡಲೇ ಮತ್ತೊಂದು ‘ಸ್’ ಹೇಳಲು ನಾಲಿಗೆ ಒಪ್ಪುವುದಿಲ್ಲ. ನಡುವೆ ಸ್ವರವೊಂದು ನುಸುಳಿ ‘ಆರ್ಚಿಜ಼್’ ಆಗುತ್ತದೆ, ಬರೆಯುವಾಗ ಇಎಸ್. ಬಸ್, ಬಾಕ್ಸ್, ಬ್ರಶ್ ಕೂಡ ಹೀಗೆಯೇ. ಬಹಮನಿ ಅರಸರಿಗೆ ಬಳಸುವ ‘ಮೊನಾರ್ಕ್’ ಕೂಡ ಆರ್ಚ್‌ನಂತೆ ಸಿ, ಎಚ್ ಅಕ್ಷರಗಳಲ್ಲೇ ಮುಗಿಯುತ್ತದೆ. ಆದರೆ ಅಲ್ಲಿ ಕೇಳುವುದು ‘ಕ್’. ಆದ್ದರಿಂದ ಎಸ್ ಸಾಕು. ಅಕ್ಷರ ನಂಬಿ ನಿಯಮ ಹಾಕುವವರು ಎಡವುವುದು ಇಲ್ಲೇ.

ಉಚ್ಚಾರಕ್ಕೆ ನಮ್ಮ ವರ್ಣಮಾಲೆಯೇ ನೆರವಾಗುತ್ತದೆ. ವರ್ಗದ ಮೊದಲ ಅಕ್ಷರಗಳಾದ ಕ, ಟ, ಪ ಧ್ವನಿಗಳ ಮುಂದೆ ಎಸ್ ‘ಸ್’ ಆಗಿಯೇ ಉಳಿಯುತ್ತದೆ: ಮಹಮೂದ್ ಗವಾನ್ ಮದರಸಾದ ಮಿನಾರಿನಂಥವು ‘ಮಿನರೆಟ್ಸ್’. ಮೂರನೆಯ ಹಾಗೂ ಅನುನಾಸಿಕ ಅಕ್ಷರಗಳ ಮುಂದೆ, ಸ್ವರಗಳ ಮುಂದೆಯೂ, ಅದೇ ಎಸ್ ‘ಜ಼್’ ಆಗುತ್ತದೆ: ‘ಡೋಮ್ಜ಼್’. ಅಷ್ಟೂರಿನ ಗೋರಿಗಳು ‘ಟೂಮ್ಜ಼್’. ಬರಹದ ಬಿ ಅಲ್ಲಿ ಮೌನವಾಗಿರುತ್ತದೆ. ನಾವು ಎಲ್ಲ ಕಡೆಯೂ ‘ಸ್’ ಎಂದೇ ಒತ್ತಿ ಹೇಳುತ್ತೇವೆ. ಅರ್ಥ ಕೆಡುವುದಿಲ್ಲ, ಕಿವಿಗೆ ಮಾತ್ರ ಒರಟು.

ವೈ ಹಿಂದೆ ವ್ಯಂಜನವಿದ್ದರೆ ವೈ ಹೋಗಿ ಐಇಎಸ್ ಬರುತ್ತದೆ: ಸಿಟಿ, ಸಿಟೀಸ್. ಸ್ವರವಿದ್ದರೆ ವೈ ಕದಲುವುದಿಲ್ಲ: ಗೇಟ್‌ವೇ, ಗೇಟ್‌ವೇಸ್. ಓ ಕೊನೆಯ ಪದಗಳಿಗೆ ಗಟ್ಟಿ ನಿಯಮವಿಲ್ಲ. ಟೊಮ್ಯಾಟೊ, ಪೊಟ್ಯಾಟೊಗಳಿಗೆ ಇಎಸ್, ಫೋಟೊಗೆ ಎಸ್. ಇವನ್ನು ಉರು ಹೊಡೆಯುವುದೇ ದಾರಿ.

ಕಾಗುಣಿತಕ್ಕಿಂತ ಹೆಚ್ಚು ಅಂಕ ಕಳೆಯುವುದು ಇನ್ನೊಂದು ರೂಢಿ. ‘ಎರಡು ಗುಮ್ಮಟ ಕಾಣುತ್ತವೆ’ ಎಂದರೆ ಕನ್ನಡಕ್ಕೆ ಸಾಕು; ಸಂಖ್ಯೆ ಹೇಳಿದ ಮೇಲೆ ‘ಗಳು’ ಬೇಕೆಂದಿಲ್ಲ. ಇಂಗ್ಲಿಷಿಗೆ ಸಂಖ್ಯೆಯೂ ಬೇಕು, ಎಸ್ ಕೂಡ ಬೇಕು. ಕಲಬುರಗಿ ಮಾರುಕಟ್ಟೆಯಲ್ಲಿ ಹತ್ತು ಕಿಲೋ ತೊಗರಿ ಬೇಳೆ ಕೊಂಡರೆ ‘ಟೆನ್ ಕಿಲೋಸ್ ಆಫ್ ತೂರ್ ದಾಲ್’: ಎಣಿಸುವುದು ಕಿಲೋವನ್ನು, ಹಾಗಾಗಿ ಎಸ್ ಅದಕ್ಕೇ. ಬೆಲೆ ಹೇಳುವಾಗ ‘ಟೆನ್ ರುಪೀಸ್’. ಆದರೆ ನೋಟಿನ ವಿಶೇಷಣವಾಗಿ ಬಂದಾಗ ರೂಪಾಯಿ ಏಕವಚನದಲ್ಲೇ ನಿಂತು, ನೋಟಿಗೆ ಎಸ್ ಹೋಗುತ್ತದೆ: ‘ಟೆನ್ ರುಪೀ ನೋಟ್ಸ್’.