ಹೈ-ಟೀಗೆ ಉಂಡು ಹೋಗಬೇಕೋ, ಹಸಿದು ಹೋಗಬೇಕೋ?

ಪ್ರಶ್ನೆ: ಮಗಳನ್ನು ನೋಡಿಕೊಂಡು ಹೋದವರು ಒಪ್ಪಿದ್ದಾರೆ. ಮುಂದಿನ ಮಾತುಕತೆಗೆ ಮನೆಗೆ ಕರೆಯುವ ಬದಲು ಚಿಕ್ಕಮಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಭಾನುವಾರ ನಾಲ್ಕು ಗಂಟೆಗೆ ‘ಹೈ-ಟೀ’ ಇಟ್ಟುಕೊಂಡಿದ್ದಾರೆ. ಇದು ಊಟವೋ, ತಿಂಡಿಯೋ, ಬರೀ ಟೀಯೋ? ಮನೆಯಲ್ಲಿ ಉಂಡು ಹೊರಡಬೇಕೋ, ಹೊಟ್ಟೆ ಖಾಲಿ ಬಿಟ್ಟುಕೊಂಡು ಹೋಗಬೇಕೋ?
– ಹಾಸನದ ಓದುಗರು

ಅರ್ಧ ಹೊಟ್ಟೆ ಉಂಡು ಹೊರಡಿ. ಹಾಸನದಿಂದ ಬೇಲೂರು ದಾಟಿ ಚಿಕ್ಕಮಗಳೂರು ಮುಟ್ಟುವುದಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಒಂದು ಗಂಟೆಗೆ ಒಂದಿಷ್ಟು ಅನ್ನ-ಸಾರು ಉಂಡಿದ್ದರೆ ನಾಲ್ಕಕ್ಕೆ ಹದವಾಗಿ ಹಸಿವಾಗಿರುತ್ತದೆ. ರಾತ್ರಿ ಮನೆಗೆ ಬಂದಮೇಲೆ ಒಂದು ಲೋಟ ಮಜ್ಜಿಗೆ ಸಾಕು.

ನೀವು ಕೇಳಿದ್ದನ್ನೇ ಬಹಳ ಜನ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಆ ಹೆಸರೇ ಅಷ್ಟು ಗೊಂದಲದ್ದು. ಇಂಗ್ಲೆಂಡಿನಲ್ಲಿ ಹೈ-ಟೀ ಅಂದರೆ ಗಿರಣಿ, ಗಣಿಗಳಲ್ಲಿ ದುಡಿದು ಬಂದವರು ಸಂಜೆ ಉಣ್ಣುತ್ತಿದ್ದ ಊಟ. ಮಾಂಸ, ಬ್ರೆಡ್ಡು, ಆಲೂಗೆಡ್ಡೆ, ಜೊತೆಗೆ ಸ್ಟ್ರಾಂಗ್ ಟೀ. ಊಟದ ಎತ್ತರದ ಮೇಜಿನಿಂದ ‘ಹೈ’ ಬಂತು ಅನ್ನುತ್ತಾರೆ. ದೊಡ್ಡಮನೆಯವರದ್ದು ಬೇರೆ, ಅದರ ಹೆಸರು ಆಫ್ಟರ್‌ನೂನ್ ಟೀ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಅದನ್ನು ರೂಢಿಗೆ ತಂದಳು ಅಂತ ಕಥೆ. ಆ ಮನೆಗಳಲ್ಲಿ ರಾತ್ರಿ ಊಟ ಎಂಟು ಗಂಟೆಯ ಮೇಲೆ. ನಾಲ್ಕಕ್ಕೆಲ್ಲ ಅವಳಿಗೆ ಜೀವ ಸೋತು ಹೋಗುತ್ತಿತ್ತಂತೆ. ಕೋಣೆಗೇ ಟೀ, ಬ್ರೆಡ್ಡು-ಬೆಣ್ಣೆ ತರಿಸಿಕೊಂಡಳು, ಆಮೇಲೆ ಗೆಳತಿಯರನ್ನೂ ಕರೆದಳು. ನಮ್ಮ ಹೋಟೆಲಿನವರಿಗೆ ‘ಹೈ’ ಅಂದರೆ ಮೇಲ್ದರ್ಜೆ ಅನ್ನಿಸಿರಬೇಕು; ಡಚೆಸ್ಸಳ ತಿಂಡಿಗೆ ಕೂಲಿಯವರ ಊಟದ ಹೆಸರಿಟ್ಟು ಮಾರುತ್ತಿದ್ದಾರೆ.

ಹಾಗಾಗಿ ನಮ್ಮ ಕಡೆ ಹೈ-ಟೀ ಅಂದರೆ ಮೂರರಲ್ಲಿ ಯಾವುದೂ ಆಗಬಹುದು. ಮೂರಂತಸ್ತಿನ ಸ್ಟ್ಯಾಂಡಿನಲ್ಲಿ ತಿಂಡಿ ಜೋಡಿಸಿ ನಿಮ್ಮ ಮೇಜಿಗೇ ತಂದಿಡುವುದು ಒಂದು. ಸಾಲಾಗಿ ಪಾತ್ರೆ ಇಟ್ಟು, ಚಾಟ್, ಪಕೋಡ, ಪಾಸ್ತಾ, ಕೊನೆಗೆ ಜಾಮೂನಿನ ತನಕ ಎಷ್ಟು ಬೇಕಾದರೂ ಬಡಿಸಿಕೊಳ್ಳಿ ಅನ್ನುವ ಬಫೆ ಇನ್ನೊಂದು. ಮೂರನೆಯದು ಮೀಟಿಂಗ್ ಮುಗಿದಮೇಲೆ ಕೊಡುವ ಒಂದು ಸಮೋಸ, ಎರಡು ಬಿಸ್ಕತ್ತು, ಫ್ಲಾಸ್ಕಿನ ಟೀ. ಬೀಗರಾಗುವವರನ್ನು ‘ಏನೇನು ಕೊಡ್ತಾರೆ’ ಅಂತ ಕೇಳುವುದು ಚೆನ್ನಾಗಿರುವುದಿಲ್ಲ. ಹೋಟೆಲಿಗೇ ಫೋನ್ ಮಾಡಿ, ಸ್ಟ್ಯಾಂಡೋ ಬಫೆಯೋ ಅಂತ ಒಂದೇ ಮಾತು ಕೇಳಿ. ಬಫೆ ಅಂದರೆ ಮಧ್ಯಾಹ್ನದ ಊಟ ಬಿಟ್ಟರೂ ನಡೆಯುತ್ತದೆ.

ಸ್ಟ್ಯಾಂಡು ನೋಡಲು ದೊಡ್ಡದು, ಹೊಟ್ಟೆಗೆ ಚಿಕ್ಕದು. ನಮ್ಮತ್ತೆಯನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವರು ಮೂರೂ ತಟ್ಟೆ ಖಾಲಿಯಾಗುವ ತನಕ ಸುಮ್ಮನಿದ್ದು, ‘ಊಟ ಯಾವಾಗ ತರ್ತಾರಪ್ಪ?’ ಅಂತ ಪಿಸುಗುಟ್ಟಿದ್ದರು. ಮನೆಯಿಂದ ಏನೂ ತಿನ್ನದೆ ಬಂದಿದ್ದರು, ಪಾಪ.

ತಿನ್ನುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ತಟ್ಟೆಯಲ್ಲಿ ಅಂಚು ಕತ್ತರಿಸಿದ ಬೆರಳುದ್ದದ ಸ್ಯಾಂಡ್‌ವಿಚ್, ಸಾಮಾನ್ಯವಾಗಿ ಒಂದಾದರೂ ಸೌತೆಕಾಯಿಯದು. ನಡುವೆ ಸ್ಕೋನ್. ಮೇಲೆ ಕೇಕು, ಪೇಸ್ಟ್ರಿ. ಕೈಯಲ್ಲೇ ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೆನೆ ಮೆತ್ತಿದ ಪೇಸ್ಟ್ರಿಗೆ ಮಾತ್ರ ಫೋರ್ಕು ಬೇಕಾಗುತ್ತದೆ.

ಸ್ಕೋನ್ ಅಂದರೆ ನಮ್ಮ ಬನ್ನಿಗೂ ಬೆಣ್ಣೆ ಬಿಸ್ಕತ್ತಿಗೂ ನಡುವಿನದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ನಿಮ್ಮ ಹಾಸನ ಜಿಲ್ಲೆಯವರು ಇಟ್ಟವು, ಬನ್ನಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಇದನ್ನು ಚಾಕುವಿನಿಂದ ಕೊಯ್ಯಬೇಡಿ, ನಡುವಿಗೆ ಕೈಯಲ್ಲಿ ಬಿಡಿಸಿದರೆ ಎರಡು ಹೋಳಾಗುತ್ತದೆ. ಮೇಲೆ ಜಾಮು ಮತ್ತು ಕ್ಲಾಟೆಡ್ ಕ್ರೀಮ್. ಕೆನೆಯನ್ನು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ನಿಧಾನವಾಗಿ ಆರಿಸಿ ತೆಗೆದ ಗಟ್ಟಿ ಕೆನೆ ಅದು; ಇಂಗ್ಲೆಂಡಿನ ಕಾರ್ನ್‌ವಾಲಿನ ಕ್ರೀಮಿನಲ್ಲಿ ಕೊಬ್ಬು ಕನಿಷ್ಠ 55% ಇರಬೇಕೆಂಬ ನಿಯಮವೇ ಇದೆ. ನಮ್ಮಲ್ಲಿ ಅದರ ಬದಲು ಹೆಚ್ಚಾಗಿ ನೊರೆ ಬರುವಂತೆ ಕಡೆದ ಕ್ರೀಮ್ ಸಿಗುತ್ತದೆ, ಅದು ಸ್ಕೋನ್ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಆಗ ಬೆಣ್ಣೆ ಕೇಳಿ, ಕೊಡುತ್ತಾರೆ. ಮೊದಲು ಜಾಮೋ ಕ್ರೀಮೋ ಅಂತ ಕಾರ್ನ್‌ವಾಲಿನವರಿಗೂ ಡೆವನ್‌ನವರಿಗೂ ಇನ್ನೂ ಜಗಳ. ಕಾರ್ನ್‌ವಾಲಿನವರು ಜಾಮು ಮೊದಲು ಅನ್ನುತ್ತಾರೆ. ನನ್ನ ಓಟೂ ಅವರಿಗೇ.

ಇನ್ನೊಂದು, ಇದು ನಿಜಕ್ಕೂ ಮುಖ್ಯ. ನಿಮ್ಮಲ್ಲಿ ಯಾರಾದರೂ ಮೊಟ್ಟೆ ಮುಟ್ಟದವರಿದ್ದರೆ ಹಿಂದಿನ ದಿನವೇ ಹೋಟೆಲಿಗೆ ತಿಳಿಸಿ. ಕೇಕಿನಲ್ಲಿ ಮೊಟ್ಟೆ ಇರಬಹುದು ಅಂತ ಎಲ್ಲರಿಗೂ ಗೊತ್ತು, ಆದರೆ ಸ್ಕೋನಿಗೆ ಹೊಳಪು ಬರಲು ಮೇಲೆ ಮೊಟ್ಟೆ ಸವರುವುದುಂಟು. ಮೂಸ್, ಪನ್ನಾಕೋಟಾ ಥರದ ಕೆನೆಯ ಸಿಹಿತಿಂಡಿಗಳು ಗಟ್ಟಿಯಾಗಲು ಹಾಕುವ ಜಿಲೆಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ‘ವೆಜ್ಜಾ?’ ಅಂತಷ್ಟೇ ಕೇಳಿದರೆ ಬಡಿಸುವ ಹುಡುಗ ಹೌದು ಅಂದುಬಿಡುತ್ತಾನೆ. ಮೊಟ್ಟೆ, ಜಿಲೆಟಿನ್ ಎರಡೂ ಹೆಸರು ಹೇಳಿಯೇ ಕೇಳಿ. ಹೊಸ ಬೀಗರ ಎದುರಿಗೆ ಅಜ್ಜಿ ತುತ್ತು ಕೈಯಲ್ಲಿ ಹಿಡಿದು ಕೂರುವಂತಾಗಬಾರದು.

ಟೀ ಸೊಪ್ಪಿನ ಸಮೇತ ಟೀ-ಪಾಟಿನಲ್ಲಿ ಬರುತ್ತದೆ. ತಂದಿಟ್ಟ ಕೂಡಲೇ ಬಗ್ಗಿಸಬೇಡಿ, ಮೂರ್ನಾಲ್ಕು ನಿಮಿಷ ಬಿಡಿ. ಅಸ್ಸಾಂ ಟೀ ಹಾಲಿಗೆ ಹೊಂದುತ್ತದೆ. ಡಾರ್ಜಿಲಿಂಗ್‌ಗೆ ಹಾಲು ಹಾಕಿದರೆ ಕೊಟ್ಟ ದುಡ್ಡು ದಂಡ. ಅರ್ಲ್ ಗ್ರೇಯಲ್ಲಿ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆಯ ವಾಸನೆ ಇರುತ್ತದೆ, ಕೆಲವರಿಗೆ ಸೋಪು ಅನ್ನಿಸುತ್ತದೆ. ಕಿರುಬೆರಳು ಎತ್ತಿ ಹಿಡಿಯುವುದೆಲ್ಲ ಬರೀ ನಾಟಕ. ಸಾಸರಿಗೆ ಬಗ್ಗಿಸಿ ಕುಡಿಯುವುದನ್ನು ನಾವು ಹಳ್ಳಿ ರೂಢಿ ಅಂತ ಮರೆಮಾಚುತ್ತೇವಲ್ಲ, ಒಂದು ಕಾಲಕ್ಕೆ ಇಂಗ್ಲಿಷರೂ ಹಾಗೇ ಕುಡಿಯುತ್ತಿದ್ದರು. ಅಲ್ಲಿ ಮಾತ್ರ ಬೇಡ.

ಬಾಬಾಬುಡನ್‌ಗಿರಿಯ ಬುಡದಲ್ಲಿ ಕೂತು ಟೀ ಯಾಕೆ ಕುಡಿಯಬೇಕು ಅನ್ನಿಸಿದರೆ ಕಾಫಿ ಹೇಳಿ. ಹೈ-ಟೀ ದರದಲ್ಲೇ ಕಾಫಿಯೂ ಸೇರಿರುವುದು ಸಾಮಾನ್ಯ. ನಮ್ಮ ಸೀಮೆಯಲ್ಲಿ ಟೀ ಬೆಳೆಯುವುದಿಲ್ಲ ಅಂತೇನಿಲ್ಲ, ಮೂಡಿಗೆರೆ ಕಡೆ ಕೆಳಗೂರು, ನಿಮ್ಮ ಸಕಲೇಶಪುರದ ಕಡೆ ಕಾಡುಮನೆ ಇವೆ. ಆ ಸೊಪ್ಪು ಇದೆಯಾ ಅಂತ ಕೇಳಿ ನೋಡಿ. ಮಾತಿಗೊಂದು ವಿಷಯವಾದರೂ ಸಿಗುತ್ತದೆ. ಹೆಣ್ಣು-ಗಂಡಿನ ಕಡೆಯವರು ಮುಖ ಮುಖ ನೋಡುತ್ತಾ ಕೂತಾಗ ಅದೂ ಬೇಕಾಗುತ್ತದೆ.

ಕರೆದವರು ಅವರು, ಬಿಲ್ಲು ಅವರದ್ದೇ. ಮುಂದಿನ ಸಲ ನೀವು ಕರೆಯುವುದಾದರೆ ಲೆಕ್ಕ ಗೊತ್ತಿರಲಿ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 18%, ಮಾಮೂಲಿ ಹೋಟೆಲಿನಲ್ಲಿ 5%. ಮೆನುವಿನಲ್ಲಿ ತಲೆಗೆ 1,500 ಅಂತಿದ್ದರೆ ಕೊಡುವುದು 1,770. ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ತೆಗೆಯಿರಿ ಅನ್ನಬಹುದು. ಅದನ್ನು ತಾನಾಗಿ ಬಿಲ್ಲಿಗೆ ಹಾಕಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ನನ್ನ ಬಿಲ್ಲಿನಲ್ಲೂ ಒಮ್ಮೆ ಹಾಕಿದ್ದರು, ಕೇಳಿದ ತಕ್ಷಣ ಮಾತಿಲ್ಲದೆ ತೆಗೆದರು. ಕೇಳದವರು ಎಷ್ಟು ಜನ ಕೊಟ್ಟು ಹೋಗಿರಬಹುದು ಅಂತ ಆಮೇಲೆ ಯೋಚಿಸಿದೆ.

ಮಿಕ್ಕಿದ್ದನ್ನು ಕಟ್ಟಿಸಿಕೊಳ್ಳಬಹುದೇ? ಬಫೆಯಲ್ಲಿ ಆಗುವುದಿಲ್ಲ. ಸ್ಟ್ಯಾಂಡಿನದಾದರೆ ಕೇಳಿ, ಸಾಮಾನ್ಯವಾಗಿ ಡಬ್ಬಿಗೆ ಹಾಕಿ ಕೊಡುತ್ತಾರೆ. ನಮ್ಮತ್ತೆ ಎರಡನೇ ಸಲ ಊಟ ಮಾಡಿಕೊಂಡೇ ಬಂದಿದ್ದರಿಂದ ಅವರ ಪಾಲಿನ ಎರಡು ಸ್ಕೋನ್ ಹಾಗೇ ಉಳಿದವು. ಮಾರನೇ ಬೆಳಿಗ್ಗೆ ಕಾವಲಿಯ ಮೇಲೆ ಬೆಣ್ಣೆ ಹಾಕಿ ಬಿಸಿ ಮಾಡಿಕೊಂಡು, ಲೋಟದ ಫಿಲ್ಟರ್ ಕಾಫಿಗೆ ಅದ್ದಿ ತಿಂದರು. ‘ಇದು ನಿನ್ನೆಗಿಂತ ಇವತ್ತೇ ಚೆನ್ನಾಗಿದೆ’ ಅಂದರು.