ರಿಪೇರಿ ನಡೆಯುವಾಗಲೇ ಕ್ಲೋರಿನ್ ನಿಲ್ಲಿಸುವವರಿಗೆ

‘ಸಂಪ್ ಕೆಲಸ ನಡೆಯುತ್ತಿದೆ ಸಾರ್, ಮುಗಿಯುವವರೆಗೆ ಕ್ಲೋರಿನ್ ನಿಲ್ಲಿಸಿದ್ದೇವೆ.’ ಈ ಮಾತನ್ನು ಅಪಾರ್ಟ್‌ಮೆಂಟ್ ಸಂಘದವರಿಂದ, ಹಾಸ್ಟೆಲ್ ವಾರ್ಡನ್‌ಗಳಿಂದ, ಒಮ್ಮೊಮ್ಮೆ ಪಟ್ಟಣ ಪಂಚಾಯಿತಿಯ ನೀರು ಸರಬರಾಜು ಸಿಬ್ಬಂದಿಯಿಂದಲೂ ಕೇಳುತ್ತಲೇ ಇದ್ದೇನೆ. ಇದರ ಹಿಂದೆಯೇ ಇನ್ನೊಂದು ಮಾತು ತಪ್ಪದೆ ಬರುತ್ತದೆ: ‘ಹೋದ ತಿಂಗಳ ಲ್ಯಾಬ್ ರಿಪೋರ್ಟ್ ಚೆನ್ನಾಗಿದೆ, ತೊಂದರೆ ಏನಿಲ್ಲ.’ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಬೈದರೆ ಯಾರೂ ಕಲಿಯುವುದಿಲ್ಲ ಎಂದು ಗೊತ್ತಿರುವುದರಿಂದ ಕ್ರಾಯ್ಡನ್ ಕತೆ ಹೇಳುತ್ತೇನೆ.

ಕ್ರಾಯ್ಡನ್ ಲಂಡನ್ನಿನ ದಕ್ಷಿಣಕ್ಕಿರುವ ಊರು. 1937ರಲ್ಲಿ ಅದು ಸ್ವಂತ ಆಡಳಿತವಿದ್ದ ಕೌಂಟಿ ಬರೋ. ನೈರ್ಮಲ್ಯದ ವಿಷಯದಲ್ಲಿ ಹಿಂದುಳಿದ ಊರೇನಲ್ಲ. 1849ರಲ್ಲೇ ಅಲ್ಲಿ ಸ್ಥಳೀಯ ಆರೋಗ್ಯ ಮಂಡಳಿ ರಚನೆಯಾಗಿತ್ತು, 1851ರಲ್ಲಿ ಊರಿಗೆಲ್ಲ ಕೊಳವೆ ನೀರು ಕೊಡುವ ವ್ಯವಸ್ಥೆ ಉದ್ಘಾಟನೆಯಾಗಿತ್ತು. ಮುಂದೆ ಪೂರ್ಣಾವಧಿ ವೈದ್ಯಾಧಿಕಾರಿ, ಬರೋ ಎಂಜಿನಿಯರ್, ಮನೆಮನೆ ಸುತ್ತುವ ಸ್ಯಾನಿಟರಿ ಇನ್ಸ್‌ಪೆಕ್ಟರ್‌ಗಳು ಎಲ್ಲರೂ ಇದ್ದರು. ಊರಿನ ಒಂದು ಭಾಗಕ್ಕೆ ಆಡಿಂಗ್ಟನ್ ಬಾವಿಯಿಂದ ನೀರು ಹೋಗುತ್ತಿತ್ತು. ಸುಣ್ಣದ ಸೀಮೆಯ ಆಳವಾದ ಬಾವಿ ಅದು. ತಳದಿಂದ ಬಿಳಿ ಚಾಕ್ ಕಲ್ಲಿನೊಳಗೆ ಅಡ್ಡ ಸುರಂಗಗಳನ್ನು ಕೊರೆದು ಒರತೆ ಹೆಚ್ಚಿಸಿದ್ದರು. ಅಂಥ ನೀರು ಲೋಟದಲ್ಲಿ ಹಿಡಿದರೆ ಕನ್ನಡಿಯಂತೆ ತಿಳಿಯಾಗಿರುತ್ತದೆ. ಆ ತಿಳಿತನವನ್ನು ನೋಡಿಯೇ ಜನ ಮೋಸ ಹೋಗುವುದು.

ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಬಾವಿಯೊಳಗೆ ದುರಸ್ತಿ ಕೆಲಸ ಆರಂಭವಾಯಿತು. ಕೆಲಸಗಾರರು ಕೆಳಗಿಳಿದು ಗಂಟೆಗಟ್ಟಲೆ ದುಡಿಯುತ್ತಿದ್ದರು. ಅದೇ ಅವಧಿಯಲ್ಲಿ ಬಾವಿಯ ನೀರು ಊರಿಗೂ ಹೋಗುತ್ತಿತ್ತು. ಶೋಧನೆಯೂ ಇಲ್ಲ, ಕ್ಲೋರಿನ್ನೂ ಇಲ್ಲ. ಕೆಲಸಗಾರರಲ್ಲಿ ಒಬ್ಬ ಟೈಫಾಯಿಡ್ ವಾಹಕ. ವಾಹಕ ಎಂದರೆ ರೋಗಿಯಲ್ಲ; ಎಂದೋ ಜ್ವರ ಬಂದು ವಾಸಿಯಾದವನು. ರೋಗಾಣು ಅವನ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಉಳಿದು ಮಲದ ಮೂಲಕ ಹೊರಬೀಳುತ್ತಿರುತ್ತದೆ. ಅವನಿಗೆ ಜ್ವರವಿಲ್ಲ, ಸಂಕಟವಿಲ್ಲ, ತನ್ನಿಂದ ಯಾರಿಗಾದರೂ ಕೆಡುಕಾದೀತೆಂಬ ಅರಿವೂ ಇಲ್ಲ. ಆ ಬಡ ಕೂಲಿಕಾರನನ್ನು ದೂಷಿಸುವವರ ಜೊತೆ ನಾನು ಸೇರುವುದಿಲ್ಲ.

ನವೆಂಬರ್ ಹೊತ್ತಿಗೆ ಕ್ರಾಯ್ಡನ್ನಿನಲ್ಲಿ ಟೈಫಾಯಿಡ್ ಹಬ್ಬಿತ್ತು. ಒಟ್ಟು 300ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, 43 ಮಂದಿ ತೀರಿಕೊಂಡರು. ಆ್ಯಂಟಿಬಯೋಟಿಕ್ ಇನ್ನೂ ಬಂದಿರದ ಕಾಲ. ಟೈಫಾಯಿಡ್ ಎಂದರೆ ವಾರಗಟ್ಟಲೆ ಆರೈಕೆ, ಉಳಿದರೆ ಪುಣ್ಯ.

ಸರ್ಕಾರ ನೇಮಿಸಿದ ಸಾರ್ವಜನಿಕ ವಿಚಾರಣೆ ಹೇಳಿದ್ದು ಮೂರು ಸಂಗತಿಗಳನ್ನು. ಬಾವಿಯಲ್ಲಿ ಕಾಮಗಾರಿ ನಡೆದದ್ದು, ಕೆಲಸಗಾರರಲ್ಲಿ ವಾಹಕನೊಬ್ಬ ಇದ್ದದ್ದು, ಶೋಧಿಸದ, ಕ್ಲೋರಿನ್ ಹಾಕದ ನೀರನ್ನು ಊರಿಗೆ ಬಿಟ್ಟದ್ದು. ಮೂರೂ ಕೂಡಿಬಂದದ್ದರಿಂದ ಅನಾಹುತವಾಯಿತು. ತರಬೇತಿಗೆ ಬಂದವರಿಗೆ ನಾನು ಈ ಮೂರನ್ನು ಒಂದೊಂದಾಗಿ ತೂಗಿ ನೋಡಲು ಹೇಳುತ್ತೇನೆ. ಕಾಮಗಾರಿ ತಪ್ಪಿಸಲಾಗದು, ಬಾವಿ, ಟ್ಯಾಂಕ್, ಪೈಪು ಎಂದ ಮೇಲೆ ದುರಸ್ತಿ ಇದ್ದದ್ದೇ. ವಾಹಕನನ್ನು ಮುಖ ನೋಡಿ ಗುರುತಿಸಲಾಗದು. ಪರೀಕ್ಷೆ ಮಾಡಿಸಿದರೂ ಒಂದೇ ಸಲಕ್ಕೆ ಸಿಕ್ಕಿಬೀಳುತ್ತಾನೆಂಬ ಖಾತರಿಯಿಲ್ಲ. ಪೂರ್ತಿಯಾಗಿ ನಮ್ಮ ಕೈಯಲ್ಲಿರುವುದು ಮೂರನೆಯದು ಒಂದೇ. ಅದನ್ನೇ ನಾವು ಮೊದಲು ಕೈಬಿಡುತ್ತೇವೆ. ಬಾಗಿಲು ಕಿತ್ತು ಬಡಗಿಗೆ ಕೊಟ್ಟ ರಾತ್ರಿಯೇ ಕಾವಲುಗಾರನಿಗೂ ರಜೆ ಕೊಟ್ಟು ಕಳಿಸಿದ ಹಾಗೆ.

ಈಗ ರಿಪೋರ್ಟಿನ ಮಾತು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದಾದ್ದರಿಂದ ಬೇಸರಿಸದೆ ಓದಬೇಕು. ಲ್ಯಾಬ್ ರಿಪೋರ್ಟ್ ಹೇಳುವುದು ಬಾಟಲಿಗೆ ತುಂಬಿಸಿದ ಆ ಗಳಿಗೆಯ ನೀರಿನ ಬಗ್ಗೆ. ನೂರು ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ನೀರಿಗೆ ಮಲ ಸೇರಿದೆ ಎಂದು ಸೂಚಿಸುವ ಬ್ಯಾಕ್ಟೀರಿಯಾ) ಇದೆಯೇ ಇಲ್ಲವೇ ಎಂದು ನೋಡಲು ಅದನ್ನು ಬೆಳೆಸಬೇಕು; ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ‘ಕೆಟ್ಟಿದೆ’ ಎಂಬ ಉತ್ತರ ಬರುವ ಹೊತ್ತಿಗೆ ಆ ನೀರನ್ನು ಕುಡಿದು ಮುಗಿಸಿರುತ್ತೀರಿ. ‘ಚೆನ್ನಾಗಿದೆ’ ಎಂದು ಬಂದರೂ ಅದು ಅಂದಿನ ಮಾತು. ನಾಳೆ ಪ್ಲಂಬರ್ ಇಳಿಯಲಿರುವ ಸಂಪಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಇನ್ನು ಟೈಫಾಯಿಡ್ ರೋಗಾಣು ಹೊಟ್ಟೆ ಸೇರಿದ ಮೇಲೆ ಜ್ವರ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ನಾನು ಎಂಜಿನಿಯರ್, ವೈದ್ಯನಲ್ಲ. ಆದರೂ ಈ ಅಂತರದ ಅರ್ಥ ತಿಳಿಯಲು ವೈದ್ಯನಾಗಬೇಕಿಲ್ಲ. ಮೊದಲ ರೋಗಿ ಆಸ್ಪತ್ರೆ ಸೇರುವಾಗ ತಪ್ಪು ನಡೆದು ವಾರಗಳೇ ಕಳೆದಿರುತ್ತವೆ, ತಪ್ಪು ಇನ್ನೂ ಮುಂದುವರಿಯುತ್ತಿರಲೂಬಹುದು.

ನಲ್ಲಿಯಲ್ಲಿ ಉಳಿದಿರುವ ಕ್ಲೋರಿನ್ನನ್ನು ನೋಡಲು ಮಾತ್ರ ನಿಮಿಷ ಸಾಕು. ಕ್ಲೋರೋಸ್ಕೋಪ್ ಎಂಬ ಕ್ಲೋರಿನ್ ಅಳೆಯುವ ಸಣ್ಣ ಸಾಧನದ ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ನೀರು ತುಂಬಿಸಿ, ದ್ರಾವಣದ ಹನಿಗಳನ್ನು ಹಾಕಿ ಅಲುಗಿಸಿದರೆ ಕ್ಲೋರಿನ್ ಇದ್ದಷ್ಟಕ್ಕೆ ತಕ್ಕ ಹಳದಿ ಬಣ್ಣ ಏರುತ್ತದೆ. ಬೆಳಕಿಗೆ ಹಿಡಿದು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಬೇಕು, ಅಷ್ಟೇ. ನಮ್ಮ ಮಾನದಂಡದ ಪ್ರಕಾರ ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೀರು ನೀರಾಗಿಯೇ ಉಳಿದರೆ, ಅಂದರೆ ಬಣ್ಣವೇ ಏರದಿದ್ದರೆ, ಹೋದ ತಿಂಗಳ ರಿಪೋರ್ಟಿಗೆ ಚೌಕಟ್ಟು ಹಾಕಿಸಿದ್ದರೂ ಪ್ರಯೋಜನವಿಲ್ಲ.

ಕ್ರಾಯ್ಡನ್ನಿನ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಬಾವಿಯಲ್ಲಿ ಕೆಲಸ ನಡೆಯುತ್ತಿದೆ ಎಂಬುದು ಊರಿನ ವೈದ್ಯಾಧಿಕಾರಿಗೆ ಗೊತ್ತೇ ಇರಲಿಲ್ಲ. ಜ್ವರದ ಲೆಕ್ಕ ಒಂದು ಕಚೇರಿಯಲ್ಲಿ, ಬಾವಿಯ ಕೆಲಸ ಇನ್ನೊಂದು ಕಚೇರಿಯಲ್ಲಿ. ಯಾರೂ ದುಷ್ಟರಲ್ಲ, ಎಲ್ಲರೂ ಕೆಲಸ ಬಲ್ಲವರೇ. ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ. ನಮ್ಮಲ್ಲಿ ಇಂಥ ಸುದ್ದಿ ಮೊದಲು ತಿಳಿಯುವುದು ನೀರುಗಂಟಿಗೆ. ಯಾವ ವಾಲ್ವ್ ಸೋರುತ್ತದೆ, ಯಾವ ಪೈಪು ಚರಂಡಿ ದಾಟಿ ಹೋಗುತ್ತದೆ, ಕ್ಲೋರಿನ್‌ಗಾಗಿ ಹಾಕುವ ಬ್ಲೀಚಿಂಗ್ ಪೌಡರ್‌ನ ಚೀಲ ಯಾವಾಗ ಖಾಲಿಯಾಯಿತು, ಎಲ್ಲವೂ ಅವನಿಗೆ ಗೊತ್ತು. ಹಾಸನದ ಕಡೆಯ ಒಂದು ಊರಿನ ನೀರುಗಂಟಿಯನ್ನು ‘ಪೌಡರ್ ಯಾಕೆ ಹಾಕಿಲ್ಲಪ್ಪ’ ಎಂದು ಕೇಳಿದೆ. ‘ಹಾಕಿದರೆ ಕಾಫಿ ವಾಸನೆ ಹೊಡೆಯುತ್ತದೆ ಎಂದು ಬೀದಿಯವರು ಬೈಯುತ್ತಾರೆ, ಹಾಕದಿದ್ದರೆ ಯಾರೂ ಕೇಳುವುದಿಲ್ಲ ಸಾರ್’ ಎಂದ. ಅವನ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಅಲ್ಪ ಸಂಬಳದ ಮನುಷ್ಯ. ಬೈಗುಳ ತಿನ್ನುವವನೂ ಅವನೇ, ಊರನ್ನು ಕಾಯುವವನೂ ಅವನೇ.

ವಾಸನೆಯ ದೂರು ಹೊಸದಲ್ಲ, ಕ್ಲೋರಿನ್ ಹಾಕುವ ವಿದ್ಯೆಯೂ ಹೊಸದಲ್ಲ. ಇಂಗ್ಲೆಂಡಿನಲ್ಲೇ 1897ರಲ್ಲಿ ಮೇಡ್‌ಸ್ಟನ್ ಊರಿನ ಟೈಫಾಯಿಡ್ ನಿಲ್ಲಿಸಲು ಕೊಳವೆಗಳಿಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹಾಯಿಸಿದ್ದರು. 1905ರಲ್ಲಿ ಲಿಂಕನ್ ಊರಿನ ನೀರಿಗೆ ಬ್ಯಾಕ್ಟೀರಿಯಾ ತಜ್ಞ ಅಲೆಕ್ಸಾಂಡರ್ ಹ್ಯೂಸ್ಟನ್ ಬಿಡದೆ ಕ್ಲೋರಿನ್ ಕೊಡಿಸಿದರು. ಅದಾಗಿ ಮೂರು ದಶಕದ ಮೇಲೆ ಕ್ರಾಯ್ಡನ್ ಎಡವಿತು. ವಿದ್ಯೆಯೂ ಇತ್ತು, ಯಂತ್ರವೂ ಇತ್ತು. ಬೇಕಾದ ಹೊತ್ತಿಗೆ ಅದನ್ನು ನಿಲ್ಲಿಸಿದ್ದರು.

ಮುಂದೆ ವಿಷಯ ಕೋರ್ಟಿಗೆ ಹೋಯಿತು. ಜ್ವರಕ್ಕೆ ತುತ್ತಾದ ಬಾಲಕಿ ಮತ್ತು ಅವಳ ತಂದೆ ಹೂಡಿದ ದಾವೆಯಲ್ಲಿ 1938ರಲ್ಲಿ ತೀರ್ಪು ಬಂದು, ನಗರಸಭೆ ನಿರ್ಲಕ್ಷ್ಯ ತೋರಿದೆ ಎಂದಾಯಿತು. ನಮ್ಮ ಸಂಘಗಳ ಪದಾಧಿಕಾರಿಗಳು ಇದನ್ನು ಗಮನಿಸಬೇಕು. ಇಲ್ಲಿ ಕಾನೂನು ಹೇಗೆ ನೋಡುತ್ತದೆ ಎಂಬುದನ್ನು ವಕೀಲರನ್ನೇ ಕೇಳಿ.

ಕೆಲಸ ಮಾಡಿಸುವವರಿಗೆ ನಾನು ಹೇಳುವ ಕ್ರಮ ಇಷ್ಟೇ. ಸಂಪಿಗೆ ಜನ ಇಳಿಯುವ ಮುಂಚೆ ಅದರಿಂದ ಮನೆಗಳಿಗೆ ಹೋಗುವ ವಾಲ್ವ್ ಮುಚ್ಚಿ, ಆ ದಿನಗಳಿಗೆ ಬೇರೆ ನೀರಿನ ಏರ್ಪಾಡು ಮಾಡಿ. ಇಳಿಯುವವರಿಗೆ ಹತ್ತಿರದಲ್ಲೇ ಶೌಚಾಲಯ, ಕೈತೊಳೆಯಲು ಸೋಪು ಇರಲಿ. ಹೊಟ್ಟೆ ಕೆಟ್ಟವನಿಗೆ, ಜ್ವರ ಬಂದವನಿಗೆ ಕೂಲಿ ಕತ್ತರಿಸದೆ ರಜೆ ಕೊಡಿ, ಇಲ್ಲದಿದ್ದರೆ ಅವನು ಹೇಳುವುದೇ ಇಲ್ಲ. ಕೆಲಸ ಮುಗಿದ ಮೇಲೆ ತೊಳೆದು, ಹೆಚ್ಚಿನ ಪ್ರಮಾಣದ ಕ್ಲೋರಿನ್ ನೀರು ತುಂಬಿಸಿ ನಿಲ್ಲಿಸಿ, ಅದನ್ನು ಹೊರಚೆಲ್ಲಿ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ತೆರೆದಿಟ್ಟ ಪೌಡರ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಸ್ಥಳದಲ್ಲೇ ಲೆಕ್ಕ ಹಾಕಬೇಕು. ಆಮೇಲೆ ಎಂದಿನ ನೀರು ತುಂಬಿಸಿ, ಎಂದಿನ ಕ್ಲೋರಿನ್ ಹಾಕಿ, ಅರ್ಧ ಗಂಟೆ ಬಿಟ್ಟು ಕೊನೆಯ ಮನೆಯ ನಲ್ಲಿಯಲ್ಲಿ ಹಳದಿ ಬರುತ್ತದೆಯೇ ನೋಡಿ. ಲ್ಯಾಬಿಗೆ ಬಾಟಲಿಯನ್ನೂ ಅಂದೇ ಕಳಿಸಿ. ಯಾವ ದಿನ ಏನು ಕೆಲಸ ನಡೆಯಿತು ಎಂಬುದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ಮುಂದಿನ ಮೂರು ವಾರಗಳಲ್ಲಿ ನಿಮ್ಮ ಕಟ್ಟಡದಿಂದ ಜ್ವರದವರು ಯಾರಾದರೂ ಹೋದರೆ, ಆ ವೈದ್ಯರು ಮೊದಲು ನೀರಿನ ಬಗ್ಗೆ ಕೇಳುತ್ತಾರೆ.